ಹಲಗೆಯ ಮೇಲೆ ಒಂದೇ ಹೆಸರು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳಿಗೆ ಈ ಹಾಡಿನ ಉಸಾಬರಿ ಯಾಕೆ ಎಂದು ಕೇಳಿದವರು ಒಬ್ಬಿಬ್ಬರಲ್ಲ. ನಿವೃತ್ತಿಯಾಗಿ ಟ್ಯೂಷನ್ನೂ ಬಿಟ್ಟ ಮೇಲೆ, ರಾಯಚೂರಿನ ನಮ್ಮ ಮನೆಯ ಕೆಳಗಿನ ದೊಡ್ಡ ಕೋಣೆ ಖಾಲಿ ಬಿತ್ತು. ಖಾಲಿ ಕೋಣೆ ಕಂಡರೆ ನೆಂಟರಿಗೆ ಸುಮ್ಮನಿರಲಾಗುವುದಿಲ್ಲ. ಮುರಿದ ಮಂಚ, ಬೇಡದ ಕಪಾಟು ತಂದು ತುಂಬುತ್ತಾರೆ. ಅದಕ್ಕೆ ಅವಕಾಶ ಕೊಡದೆ ನಾನೇ ಎರಡು ಜಮಖಾನೆ ಹಾಸಿ, ತಿಂಗಳಿಗೆ ಎರಡು ರವಿವಾರ ಸಂಜೆ ಐದಕ್ಕೆ ಇಲ್ಲಿ ಹಾಡು ಇರುತ್ತದೆ, ಮೈಕು ಇರುವುದಿಲ್ಲ ಎಂದು ಸಾರಿಬಿಟ್ಟೆ. ನಲವತ್ತು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರೆ ಕೋಣೆ ಭರ್ತಿ. ಮೈಕಿನ ಮೇಲೆ ನನಗೆ ಹಳೆಯ ಸಿಟ್ಟು. ನಮ್ಮ ಗಲ್ಲಿಯಲ್ಲಿ ಮದುವೆಗೂ ಮೈಕು, ತೊಟ್ಟಿಲಿಗೂ ಮೈಕು, ಚುನಾವಣೆ ಬಂತೆಂದರೆ ಕೇಳುವುದೇ ಬೇಡ.

ಬಾಗಿಲ ಪಕ್ಕದ ಗೋಡೆಗೆ ಟ್ಯೂಷನ್ ಕಾಲದ ಕರಿಹಲಗೆ ಇದೆ. ಬರುವ ಎರಡು ತಿಂಗಳು ಯಾರ್ಯಾರು ಹಾಡುತ್ತಾರೆ ಎಂಬುದನ್ನು ಅದರ ಮೇಲೆ ನಾನೇ ಬರೆಯುತ್ತೇನೆ. ಬಾಗಲವಾಡದ ಹೆಂಗಸರ ಬೀಸುವ ಪದ, ಮಾನ್ವಿಯ ಹೆಣ್ಣುಮಕ್ಕಳ ದೇವರನಾಮ, ಇಂಜಿನಿಯರಿಂಗ್ ಓದುವ ಒಬ್ಬ ಹುಡುಗಿಯ ಗಿಟಾರು. ಗಿಟಾರಿಗೆ ಕರೆಂಟು ಬೇಡವೇ ಎಂದು ನಮ್ಮ ಮನೆಯವರು ಕೇಳಿದರು. ಬೇಡವಾದ್ದಕ್ಕೇ ಕರೆದದ್ದು ಎಂದೆ. ಅಕ್ಷರ ದುಂಡಗಿದೆ ಎಂದು ನನಗೆ ಸ್ವಲ್ಪ ಜಂಭವೂ ಉಂಟು. ಬರೆದು ಕೈ ಝಾಡಿಸುವಷ್ಟರಲ್ಲಿ ಯಾರಾದರೂ ಫೋನಿನಲ್ಲಿ ಫೋಟೊ ಹಿಡಿಯುತ್ತಾರೆ, ಸಂಜೆಯೊಳಗೆ ಅದು ಚಂದ್ರಬಂಡದಿಂದ ದೇವದುರ್ಗದ ತನಕ ಎಲ್ಲರ ವಾಟ್ಸಾಪಿಗೂ ಮುಟ್ಟಿರುತ್ತದೆ.

ನಮ್ಮದು ಮೂಲ ಮಾನ್ವಿ. ಗುಡಿಯ ಪೂಜೆ, ಪಾಠ, ಪುರಾಣದ ಮನೆತನ. ಹೆಂಗಸರು ದೇವರ ಮುಂದೆ ಕೂತು ಹೇಳುವ ಹಾಡು ಬಿಟ್ಟರೆ ಬೇರೆ ಹಾಡು ನನಗೆ ಗೊತ್ತಿರಲಿಲ್ಲ. ಊರ ಕಡೆಯವರ ತತ್ವಪದವನ್ನು ಕಿವಿಗೊಟ್ಟು ಕೇಳಿದ್ದು ಅರವತ್ತು ದಾಟಿದ ಮೇಲೆ, ಅದೂ ಇದೇ ಕೋಣೆಯಲ್ಲಿ. ಆದರೆ ಮೇಷ್ಟರಾದವರ ರೋಗ ಗೊತ್ತಲ್ಲ, ನಾಲ್ಕು ಸಲ ಕೇಳಿದ್ದೇ ತಡ, ಎಲ್ಲಾ ತಿಳಿಯಿತು ಅಂದುಕೊಂಡೆ.

ಆ ನಾಲ್ಕು ಸಲವೂ ಹಾಡಿದವರು ದೇವದುರ್ಗದ ಕಡೆಯ ಒಂದು ಹಳ್ಳಿಯ ಇಬ್ಬರು ಒಕ್ಕಲುತನದವರು. ಇಬ್ಬರಿಗೂ ಎಪ್ಪತ್ತರ ಹತ್ತಿರ. ಒಬ್ಬರು ಏಕತಾರಿ ಹಿಡಿದು ಮುಂದೆ ಕೂರುತ್ತಾರೆ, ಇನ್ನೊಬ್ಬರು ದಮ್ಮಡಿ ಬಡಿಯುತ್ತ ಒಂದು ಮೊಳ ಹಿಂದೆ. ಮುಂದಿನವರು ಒಂದು ಸಾಲು ಹೇಳಿದರೆ ಹಿಂದಿನವರು ಅದೇ ಸಾಲನ್ನು ತಿರುಗಿ ಹೇಳಬೇಕು. ನಲವತ್ತು ವರ್ಷದಿಂದ ಹೀಗೆಯೇ. ಮುಂದಿನವರದು ಗತ್ತಿನ ದನಿ, ಕೋಣೆ ತುಂಬಿಬಿಡುತ್ತದೆ. ಆದರೆ ನನ್ನ ಜೀವ ಹಿಡಿದದ್ದು ಹಿಂದಿನವರ ದನಿ. ಅದೇ ಸಾಲು ಅವರ ಬಾಯಿಗೆ ಬಂದಾಗ ಕೊನೆಯ ಅಕ್ಷರದ ಮೇಲೆ ನಿಂತು, ಮೆಲ್ಲಗೆ ಎಳೆದು, ಎಳೆದು, ಇನ್ನೇನು ಕಡಿಯಿತು ಅನ್ನುವಾಗ ಇಳಿಸುತ್ತಿದ್ದರು. ಆ ಎಳೆತಕ್ಕೆ ನನ್ನ ಕಣ್ಣು ತುಂಬುತ್ತಿತ್ತು. ಜನ ಮಾತ್ರ ಹಾಡು ಮುಗಿದ ಮೇಲೆ ಮುಂದಿನವರ ಕೈ ಹಿಡಿದು ಮೆಚ್ಚುತ್ತಿದ್ದರು, ಹಿಂದಿನವರು ಗೋಡೆಗೆ ಒರಗಿ ಮಂಡಾಳು ಒಗ್ಗರಣೆ ತಿನ್ನುತ್ತ ಕೂತಿರುತ್ತಿದ್ದರು.

ನನಗೆ ಅದನ್ನು ನೋಡಲಾಗಲಿಲ್ಲ. ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಜಾಣನನ್ನು ಎಬ್ಬಿಸಿ ಮುಂದೆ ತರುವುದೇ ನನ್ನ ಕೆಲಸವಾಗಿತ್ತು. ಇಲ್ಲಿ ಎದುರಿಗೇ ಅನ್ಯಾಯ ನಡೆಯುತ್ತಿರುವಾಗ ಸುಮ್ಮನೆ ಹೇಗಿರಲಿ? ಹಿಂದಿನವರಿಗೆ ಫೋನು ಮಾಡಿ, ಈ ಸಲ ನೀವೊಬ್ಬರೇ ಬರಬೇಕು, ಒಂದು ತಾಸು ನೀವೇ ಹಾಡಬೇಕು ಎಂದೆ. ಅವರು, "ಅಕ್ಕೋರ, ನೀವು ಹೆಂಗಂತೀರಿ ಹಂಗರಿ," ಎಂದರು. ನಮ್ಮ ಕಡೆ ಹಳ್ಳಿಯವರು ಕಲಿಸುವ ಹೆಂಗಸಿಗೆ ಇಲ್ಲ ಅನ್ನುವುದಿಲ್ಲ. ಅದು ಒಪ್ಪಿಗೆಯಲ್ಲ, ಮರ್ಯಾದೆ. ಇಷ್ಟು ವಯಸ್ಸಾದ ನನಗೆ ಅದು ತಿಳಿಯಬೇಕಿತ್ತು, ತಿಳಿಯಲಿಲ್ಲ. ಹೋಗಿ ಹಲಗೆಯ ಮೇಲೆ ಅವರೊಬ್ಬರ ಹೆಸರನ್ನೇ ದಪ್ಪಕ್ಷರದಲ್ಲಿ ಬರೆದೆ. ಪಕ್ಕದಲ್ಲಿ "ಏಕತಾರಿ ಮತ್ತು ಹಾಡು" ಎಂದೂ ಸೇರಿಸಿದೆ.

ಮರುದಿನ ಮಧ್ಯಾಹ್ನ ದೇವದುರ್ಗದಿಂದ ಫೋನು. ನಮ್ಮ ಕೋಣೆಗೆ ತಪ್ಪದೆ ಬರುವ ಒಬ್ಬ ಬ್ಯಾಂಕಿನವರು. ಭಾರವಾದ ದನಿಯಲ್ಲಿ, "ಯಾವಾಗ ಹೋದರ್ರಿ, ಅಕ್ಕೋರ?" ಎಂದರು. ಯಾರು ಎಂದೆ. ಮುಂದಿನವರ ಹೆಸರು ಹೇಳಿದರು. ನಿಮಗೆ ಯಾರು ಹೇಳಿದರು ಎಂದು ಕೇಳಿದರೆ, "ನೀವ ಬರದೀರಲ್ರಿ ಹಲಗಿ ಮ್ಯಾಲ," ಎನ್ನಬೇಕೇ!

ಆಮೇಲೆ ಅವರೇ ಬಿಡಿಸಿ ಹೇಳಿದರು. ಆ ಊರಿನ ಭಜನೆಯಲ್ಲಿ ಮುಂದಿನ ಜಾಗ ಬದುಕಿರುವ ತನಕ ಒಬ್ಬನದೇ. ಅವನು ತೀರಿಕೊಂಡ ದಿನ, ಮಣ್ಣಿಗೆ ಒಯ್ಯುವ ಮುನ್ನ, ಹಿಂದಿನವನು ಆ ಏಕತಾರಿಯನ್ನು ಎತ್ತಿಕೊಂಡು ಹೆಣದೆದುರು ಕೂತು ಮೊದಲ ಪದ ಹಾಡಬೇಕು. ಅಲ್ಲಿಂದಾಚೆ ಅವನು ಮುಂದಿನವನು. ಅಲ್ಲಿಯವರೆಗೆ ಹಿಂದಿನವನು ಏಕತಾರಿ ಮುಟ್ಟುವುದಿಲ್ಲ, ಒಬ್ಬನೇ ಹಾಡುವುದಿಲ್ಲ. ಅವನ ಹೆಸರು ಒಂಟಿಯಾಗಿ, ಅದೂ ಏಕತಾರಿಯ ಜೊತೆ, ಕಾಣಿಸಿತೆಂದರೆ ಮುಂದಿನವನ ಕಥೆ ಮುಗಿಯಿತು ಎಂದೇ ಲೆಕ್ಕ. ಅಂತೂ ನಾನು ಸುಣ್ಣದ ಕಡ್ಡಿ ಹಿಡಿದು ಬದುಕಿರುವ ಮನುಷ್ಯನನ್ನು ಮಣ್ಣು ಮಾಡಿದ್ದೆ.

ಮನೆಯವರಿಗೆ ಹೇಳಿದೆ. ಅವರು ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು. ನೀನು ಕೇಳಬೇಕಿತ್ತು ಎಂದಷ್ಟೇ ಅಂದರು. ಕೇಳಿದ್ದೆನಲ್ಲ ಎಂದು ಹಾರಾಡಿದೆ. ಕೇಳಲಿಲ್ಲ, ಹೇಳಿದೆ ಎಂದರು.

ಮರುದಿನ ಬೆಳಿಗ್ಗೆ ಗಬ್ಬೂರು ಮೇಲೆ ಹೋಗುವ ಬಸ್ಸು ಹತ್ತಿ ದೇವದುರ್ಗಕ್ಕೆ ಹೋಗಿ, ಅಲ್ಲಿಂದ ಆಟೋದಲ್ಲಿ ಹಳ್ಳಿ ಸೇರಿದೆ. ಮುಂದಿನವರ ಮನೆಯ ಕಟ್ಟೆಯ ಮೇಲೆ ಹೊರಗಿನ ಊರಿನ ಏಳೆಂಟು ಮಂದಿ ತಲೆತಗ್ಗಿಸಿ ಕೂತಿದ್ದರು. ಸಾವಿನ ಮನೆಯೆಂದು ಮಾತಾಡಿಸಲು ಬಂದವರು. ನಡುವೆ ಸತ್ತ ಮನುಷ್ಯ ಸ್ವತಃ ಚಹಾ ಹಂಚುತ್ತಿದ್ದರು. ನನ್ನನ್ನು ಕಂಡು, "ಬರ್ರಿ ಅಕ್ಕೋರ. ನಿನ್ನಿಯಿಂದ ಮಂದಿಗೆ ನಾ ಸತ್ತಿಲ್ಲಂತ ಹೇಳಿ ಹೇಳಿ ಖರೇನ ಸಾಯೂ ಹೊತ್ತು ಬಂತು," ಎಂದರು. ಜನ ನಕ್ಕರು. ಅವರೂ ನಗಲು ಹೋಗಿ ಕೆಮ್ಮು ಬಂದು, ಕಂಬ ಹಿಡಿದು ದಮ್ಮು ತಗೊಂಡರು. ನಾನು ಕೈ ಜೋಡಿಸಿದೆ. ಸ್ವಂತ ಹಿರಿಯರೆದುರು ಬಿಟ್ಟರೆ ನಾನು ಯಾರ ಮುಂದೆಯೂ ತಪ್ಪಾಯಿತು ಎಂದವಳಲ್ಲ. ಅವತ್ತು ಎರಡು ಸಲ ಅಂದೆ.

ಸತ್ತ ಸುದ್ದಿಯನ್ನು ಅವರು ಹಗುರಾಗಿ ತೆಗೆದುಕೊಂಡಿದ್ದರು. ಭಾರವಾದದ್ದು ಬೇರೆ ಇತ್ತು. ಹಿಂದಿನವರು ಆ ಫೋಟೊ ಊರಿಗೆ ಬಂದಾಗಿನಿಂದ ಮನೆ ಬಿಟ್ಟು ಹೊರಬಂದಿರಲಿಲ್ಲ. ಗೆಳೆಯ ಸಾಯುವುದನ್ನೇ ಕಾಯುತ್ತಿದ್ದ, ಅವಸರಕ್ಕೆ ಬಿದ್ದು ಪಟ್ಟಣದಲ್ಲಿ ಹೆಸರು ಹಾಕಿಸಿಕೊಂಡ ಎಂದು ಊರು ಆಡಿಕೊಳ್ಳುತ್ತಿತ್ತು. ನಲವತ್ತು ವರ್ಷದಲ್ಲಿ ಇಬ್ಬರೂ ಊರಲ್ಲಿದ್ದು ಒಟ್ಟಿಗೆ ಚಹಾ ಕುಡಿಯದ ಬೆಳಗು ಇರಲಿಲ್ಲವಂತೆ. ಅಂಥ ಎರಡು ಬೆಳಗನ್ನು ನಾನು ಅವರಿಂದ ಕಸಿದಿದ್ದೆ. ನಾನು ಹಿಂದಿನವರನ್ನು ಮುಂದೆ ತರಲು ಹೋಗಿ, ಇದ್ದ ಜಾಗದಿಂದಲೂ ಎಬ್ಬಿಸಿದ್ದೆ.

ನಾನೂ ಮುಂದಿನವರೂ ಕೂಡಿ ಅವರ ಮನೆಗೆ ನಡೆದೆವು. ಹಿಂದಿನವರು ಒಳಗೆ ಹಗ್ಗ ಹೊಸೆಯುತ್ತ ಕೂತಿದ್ದರು. ನಮ್ಮನ್ನು ನೋಡಿ ಎದ್ದು ನಿಂತರು, ಕೈಯಲ್ಲಿನ ಹಗ್ಗ ಬಿಡಲಿಲ್ಲ. ನನ್ನ ಕಡೆ ನೋಡದೆ ಗೆಳೆಯನಿಗೆ, "ನಾ ಹಾಡ್ತೀನಂತ ಅಂದಿಲ್ಲೋ," ಎಂದರು.

ನಾನು ನಡುವೆ ಬಾಯಿ ಹಾಕಿ, ತಪ್ಪೆಲ್ಲ ನನ್ನದು, ಹೋದ ಕೂಡಲೇ ಹೆಸರು ಅಳಿಸುತ್ತೇನೆ, ಬೇಕಾದರೆ ಅಳಿಸಿದ ಹಲಗೆಯ ಫೋಟೊವನ್ನೂ ಕಳಿಸುತ್ತೇನೆ ಎಂದೆ. ಮುಂದಿನವರು ಹೊಸ್ತಿಲ ಮೇಲೆ ಕೂತು ದಮ್ಮು ತಗೊಳ್ಳುತ್ತಿದ್ದರು. ಕೈ ಎತ್ತಿ ನನ್ನನ್ನು ತಡೆದರು.

"ಅಳಸಬ್ಯಾಡ್ರಿ. ನಾ ಸತ್ತ ಮ್ಯಾಲ ಇಂವಾ ಹೆಂಗ ಹಾಡ್ತಾನಂತ ನನಗ ಹೆಂಗ ತಿಳೀಬೇಕು? ಹೆಂಗೂ ನನ್ನ ಕೊಂದೀರಿ. ಇಂವನ ಪದಾನೂ ಕೇಳಿಸಿಬಿಡ್ರಿ."

ಹಿಂದಿನವರು ಊರು ಏನನ್ನುತ್ತದೆ ಎಂದರು. ಊರು ಅನ್ನುವುದನ್ನೆಲ್ಲ ಆಗಲೇ ಅಂದಾಗಿದೆ ಎಂದರು ಮುಂದಿನವರು. ನಾನೇ ಏಕತಾರಿ ಕೊಡುತ್ತೇನೆ, ನಾನೇ ಹಿಂದೆ ಕೂತು ದಮ್ಮಡಿ ಹಿಡಿಯುತ್ತೇನೆ, ಬದುಕಿದ್ದು ಕೊಟ್ಟರೆ ಯಾವ ದೇವರು ಬೇಡ ಅನ್ನುತ್ತಾನೆ ಎಂದರು. ಒಂದು ತಾಸು ಜಗ್ಗಾಟ ನಡೆಯಿತು. ನಾನು ಜನ್ಮದಲ್ಲಿ ಮೊದಲ ಸಲ ಒಂದು ಜಗಳದಲ್ಲಿ ತೀರ್ಪು ಕೊಡದೆ ಕೂತೆ. ಕೊನೆಗೆ ಹಿಂದಿನವರು ಒಳಗೆ ತಿರುಗಿ ಚಹಾಕ್ಕೆ ಇಡಲು ಹೇಳಿದರು, ಅದರಿಂದಲೇ ಒಪ್ಪಿದರೆಂದು ತಿಳಿಯಿತು.

ರಾಯಚೂರಿಗೆ ಬಂದು ಹಲಗೆಯ ಮೇಲೆ ಆ ಹೆಸರಿನ ಕೆಳಗೆ ಮುಂದಿನವರ ಹೆಸರನ್ನೂ ಸೇರಿಸಿದೆ. ಆ ರವಿವಾರ ನಾಲ್ಕಕ್ಕೇ ಕೋಣೆ ತುಂಬಿ ಮೆಟ್ಟಿಲ ಮೇಲೂ ಜನ. ಅವರ ಊರಿನವರೇ ಒಂದು ಟಂಟಂ ಗಾಡಿ ತುಂಬ ಬಂದಿದ್ದರು. ಹಾಡು ಕೇಳಲು ಬಂದರೋ, ಏನಾಗುತ್ತದೆಂದು ನೋಡಲು ಬಂದರೋ ಹೇಳಲಾರೆ. ಮುಂದಿನವರು ಎಲ್ಲರೆದುರು ಏಕತಾರಿಯನ್ನು ಗೆಳೆಯನ ತೊಡೆಯ ಮೇಲಿಟ್ಟು, ತಾವು ಒಂದು ಮೊಳ ಹಿಂದೆ ಸರಿದು ಕೂತರು. ನಾನು ಬಾಗಿಲ ಬಳಿ ನಿಂತು, ಪರೀಕ್ಷೆಗೆ ಮಕ್ಕಳನ್ನು ಕೂರಿಸಿದವಳಂತೆ ಬೆವರುತ್ತಿದ್ದೆ. ಇದು ಕೆಟ್ಟರೆ ಏಕತಾರಿ ಹಿಡಿದ ಆ ಮನುಷ್ಯ ಮುಂದೆಯೂ ಕೂರುವುದಿಲ್ಲ, ಹಿಂದೆಯೂ ಕೂರುವುದಿಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಈಗ ಮುಂದೆ ಕೂತಿದ್ದ ಹಿಂದಿನವರು ಜೋಳ ಕೇರುವ ಮೊರವನ್ನು ಕುರಿತ ಒಂದು ಪದ ಎತ್ತಿಕೊಂಡರು. ಮೊದಲ ಸಾಲು ಹೇಳಿ, ಕೊನೆಯ ಅಕ್ಷರವನ್ನು ಅವರ ರೂಢಿಯಂತೆ ಎಳೆದರು. ಎಳೆದು ಇಳಿಸಿ, ಹಿಂದಿನಿಂದ ಸಾಲು ತಿರುಗಿ ಬರಲೆಂದು ಕಾದರು.

ಬರಲಿಲ್ಲ. ಮೆಟ್ಟಿಲ ಮೇಲಿನವರೂ ಕತ್ತು ಚಾಚಿದರು. ಹಿಂದಿನವರು ಇನ್ನೊಮ್ಮೆ ಅದೇ ಸಾಲು ಹೇಳಿದರು. ಹಿಂದೆ ಕೂತಿದ್ದ ಮುಂದಿನವರು ಎತ್ತಿದ ದಮ್ಮಡಿಯನ್ನು ಹಾಗೆಯೇ ಹಿಡಿದಿದ್ದರು. ಬೇಕೆಂದೇ ಕೈಕೊಟ್ಟರೇ, ಒಳಗೊಳಗೆ ಸಿಟ್ಟಿತ್ತೇ ಎಂದು ಒಂದು ಗಳಿಗೆ ನನಗೇ ಕೆಟ್ಟ ಯೋಚನೆ ಬಂತು. ಹಿಂದಿನವರು ಏಕತಾರಿ ನಿಲ್ಲಿಸಿ ಹೊರಳಿ ನೋಡಿದರು. ಯಾಕೋ, ಮರೆತೆಯಾ ಎಂದು ಮೆಲ್ಲಗೆ ಕೇಳಿದರು. ಮೈಕಿಲ್ಲದ ಕೋಣೆಯಾದ್ದರಿಂದ ಆಮೇಲಿನ ಮಾತೆಲ್ಲ ಎಲ್ಲರಿಗೂ ಕೇಳಿಸಿತು.

"ಮಾತು ಮರ್ತಿಲ್ಲೋ," ಎಂದರು ಮುಂದಿನವರು. "ನೀ ಇದನ್ನ ಹಿಂಗ ಹೇಳ್ತಿ ಅಂತ ನನಗ ಗೊತ್ತ ಇರಲಿಲ್ಲ. ನಲವತ್ತು ವರ್ಷ ನೀ ಹಾಡೂ ಹೊತ್ತಿನಾಗ ನಾ ದಮ್ಮು ತಗೋತಿದ್ದೆ, ಮುಂದಿನ ಸಾಲು ನೆನಸ್ತಿದ್ದೆ. ಕೇಳಿಲ್ಲೋ ನಾ."

ಹಿಂದಿನವರು ತಲೆ ತಗ್ಗಿಸಿ ಏಕತಾರಿಯ ತಂತಿಯನ್ನು ಸವರುತ್ತ, ಇದರಲ್ಲೇನಿದೆ ಎನ್ನುವಂತೆ ಹೇಳಿದರು.

"ನಿನಗ ದಮ್ಮು ಬರಲಿ ಅಂತನ ಎಳೀತಿದ್ದೆ. ಕೇಳಲಿ ಅಂತಲ್ಲ."

ಗೋಡೆಗೆ ಒರಗಿ ನಿಂತೆ. ನಾಲ್ಕು ಸಲ ಕಣ್ಣು ತುಂಬಿಕೊಂಡು ಅದನ್ನು ಕಲೆ ಎಂದಿದ್ದೆ, ಅದುಮಿಟ್ಟ ಪ್ರತಿಭೆ ಎಂದಿದ್ದೆ. ಮನೆಯವರೆದುರು ಭಾಷಣವನ್ನೂ ಮಾಡಿದ್ದೆ. ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಯಿತು, ನಿಜ ಹೇಳುತ್ತೇನೆ. ನನ್ನ ಉಸಿರಿಗಾಗಿ ಯಾರೂ ಅಷ್ಟು ಉದ್ದ ಎಳೆದಿರಲಿಲ್ಲ, ಎಳೆದಿದ್ದರೂ ನನಗೆ ಕೇಳಿಸಿರಲಿಲ್ಲ.

ಮುಂದಿನವರು ದಮ್ಮಡಿಯನ್ನು ಪಕ್ಕಕ್ಕಿಟ್ಟು, ಕೈ ಕಟ್ಟಿಕೊಂಡು, ಚಕ್ಕಳಮಕ್ಕಳ ಹಾಕಿ ಕೂತರು.

"ಹಾಡು," ಎಂದರು. "ಈಗ ದಮ್ಮು ಅದ ನನಗ."