ಕಲಕದೆ ಕೊಟ್ಟ ದವಾ

೧೯೯೭ರಲ್ಲಿ, ಒಂಬತ್ತನೇ ತರಗತಿಯ ನಡುವೆ, ನಾನು ಶಾಲೆ ಬಿಟ್ಟೆ. ಫೇಲಾಗಿ ಬಿಟ್ಟದ್ದಲ್ಲ, ಯಾರೂ ಕೇಳದಿದ್ದರೂ ಇದನ್ನು ಮೊದಲೇ ಹೇಳಿಬಿಡುತ್ತೇನೆ. ದಾವಣಗೆರೆ ಬಸ್ ನಿಲ್ದಾಣದ ಎದುರು ನಮ್ಮ ಸೋದರಮಾವನ ಸೋಡಾ ಅಂಗಡಿಯಿತ್ತು. ಅಲ್ಲಿ ಕೆಲಸಕ್ಕೆ ಒಂದು ಆಳು ಕಡಿಮೆ ಬಿದ್ದಿತ್ತು. ನನಗೂ ಬೀಜಗಣಿತಕ್ಕಿಂತ ನಿಂಬೆಹಣ್ಣು ಚೆನ್ನಾಗಿ ಅರ್ಥವಾಗುತ್ತಿತ್ತು. ಸಕ್ಕರೆ ತಳದಲ್ಲಿ ಉಳಿದ ಲೋಟವನ್ನು ಗಿರಾಕಿಗೆ ಕೊಟ್ಟರೆ ಮಾವ ಎಲ್ಲರ ಎದುರೇ ಬೈಯುತ್ತಿದ್ದ. "ಲೇ ಅಳಿಯಾ, ಕೊನೇ ಕಾಳು ಕರಗೋ ತನಕ ಕಲಕ್ಬೇಕು. ಬಂದೋರ ಕೈಗೆ ಚಮಚ ಕೊಟ್ಟು ಅವರ ಹತ್ರಾನೇ ಕೆಲ್ಸ ಮಾಡಿಸ್ತೀಯೇನು?"

ಆಮೇಲೆ ಬೆಂಗಳೂರಿನ ಬಾರುಗಳು, ಆಮೇಲೆ ಪರಿಚಯದವರೊಬ್ಬರ ಮೂಲಕ ಕೀನ್ಯಾದ ನೈರೋಬಿಯ ನಡುಪೇಟೆ ಸಿಬಿಡಿಯ ಒಂದು ಹೋಟೆಲು. ಎರಡು ವರ್ಷ ಅಲ್ಲಿ ಹಿಂದಿನ ಕೋಣೆಯಲ್ಲಿ ಗ್ಲಾಸು ತೊಳೆದೆ. ಒಂದು ಗ್ಲಾಸೂ ಒಡೆದವನಲ್ಲ. ಮೂರನೇ ವರ್ಷ ಬಾರಿನ ಹಿರಿಯ ನನ್ನನ್ನು ಒಂದು ವಾರದ ಪರೀಕ್ಷೆಗೆಂದು ಕೌಂಟರಿಗೆ ಕರೆದ. ವಯಸ್ಸಾದ ಕೀನ್ಯಾದವನು, ಎಲ್ಲರೂ ಗೌರವದಿಂದ ಮ್ಜೇ, ಅಂದರೆ ಹಿರಿಯ, ಅನ್ನುತ್ತಿದ್ದರು. ಶನಿವಾರ ಅವನು ಹೂಂ ಅಂದರೆ ಕೌಂಟರು ನನ್ನದು. ಇಲ್ಲದಿದ್ದರೆ ಮತ್ತೆ ಸಿಂಕಿನ ಮುಂದೆ, ಬಹುಶಃ ಕೊನೆಯವರೆಗೂ.

ಈ ಊರಿನ ಹೆಸರಾಂತ ಕಾಕ್‌ಟೇಲಿಗೆ ದವಾ ಎನ್ನುತ್ತಾರೆ. ನಮ್ಮ ದವಾಖಾನೆಯ ದವಾ ಇದೆಯಲ್ಲ, ಅದೇ ಅರ್ಥ, ಔಷಧಿ. ಸಿಪ್ಪೆ ಸಮೇತ ಜಜ್ಜಿದ ನಿಂಬೆ, ಕಂದು ಸಕ್ಕರೆ, ಪುಡಿ ಐಸು, ವೋಡ್ಕಾ. ಮೇಲೆ ಜೇನುತುಪ್ಪ ಮೆತ್ತಿದ ಒಂದು ಮರದ ಕಡ್ಡಿ. ಮಾಡುವುದನ್ನು ಎರಡು ವರ್ಷ ಬಾಗಿಲ ಸಂದಿಯಿಂದ ನೋಡಿದ್ದೆ. ಕುಡಿಯುವುದನ್ನು ನೋಡಿರಲಿಲ್ಲ. ಮೇಜುಗಳು ಆ ಸಂದಿಯಿಂದ ಕಾಣುತ್ತಿರಲಿಲ್ಲ.

ಮಂಗಳವಾರ ಬೆಂಗಳೂರಿನ ಬ್ಯಾಂಕಿನವರೊಬ್ಬರು ಬಂದರು. ಮಾವ ಹೇಳಿಕೊಟ್ಟ ಹಾಗೆ ಜೇನೆಲ್ಲ ಕರಗಿಸಿ, ಕಡ್ಡಿಯನ್ನು ಗ್ಲಾಸಿನಲ್ಲೇ ಒರಗಿಸಿ ಕೊಟ್ಟೆ. "ಸೂಪರ್ ಗುರು! ಬೇರೆ ಕಡೆ ಕಡ್ಡಿ ಕೈಗ್ಕೊಟ್ಟು ಸುಮ್ನಾಗ್ತಾರೆ, ಸರ್ವೀಸೇ ಇಲ್ಲ," ಅಂದರು. ನನ್ನ ಎದೆ ಉಬ್ಬಿತು. ಹೊಗಳಿದವರೂ ನಮ್ಮ ಕಡೆಯವರೇ, ಇಲ್ಲಿನವರಲ್ಲ ಎಂಬುದು ಆಗ ಹೊಳೆಯಲಿಲ್ಲ.

ಬುಧವಾರ ಸಂಜೆ ಸಿರಿವಂತರ ಬಡಾವಣೆ ಮುಥೈಗಾದಿಂದ ಒಬ್ಬ ಹಿರಿಯ ಹೆಂಗಸು ಬಂದರು. ವಾರಕ್ಕೊಮ್ಮೆ ಬರುವವರು, ವಕೀಲೆ. ಇಲ್ಲಿ ಅಂಥವರನ್ನು ಮಾಮಾ ಅನ್ನಬೇಕು, ಅಂದರೆ ಅಮ್ಮ. ಅವರಿಗೂ ಹಾಗೆಯೇ ಕಲಕಿ ಕೊಟ್ಟೆ. ಅವರು ಕಡ್ಡಿಯನ್ನು ಎತ್ತಿ ನೋಡಿದರು. ಜೇನಿಲ್ಲ, ಒದ್ದೆ ಕಡ್ಡಿ. ಗ್ಲಾಸನ್ನು ಎರಡು ಬೆರಳಲ್ಲಿ ನನ್ನ ಕಡೆ ತಳ್ಳಿದರು.

"ಇದನ್ನ ಯಾರು ಕುಡಿದು ಬಿಟ್ಟಿದ್ದಾರೆ?"

"ಯಾರೂ ಇಲ್ಲ ಮಾಮಾ. ನಾನೇ ಕಲಕಿದ್ದು."

"ನಿನಗೆ ಯಾರು ಹೇಳಿದರು? ನನಗೆ ಎಷ್ಟು ಸಿಹಿ ಬೇಕು ಅಂತ ನಿನಗೆ ಗೊತ್ತಾ?"

"ನಮ್ಮಲ್ಲಿ ಅತಿಥಿಗೆ ಗೌರವ ಕೊಡೋದೇ ಹೀಗೆ," ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ಮ್ಜೇ ಬಂದು "ಪೋಲೆ ಸಾನಾ ಮಾಮಾ" ಎಂದು ನನ್ನ ಪರವಾಗಿ ಕ್ಷಮೆ ಕೇಳಿದ, ಹೊಸದು ಮಾಡಿಕೊಟ್ಟ, ನನಗೆ ಕಣ್ಣಲ್ಲೇ ಹಿಂದಿನ ಬಾಗಿಲು ತೋರಿಸಿದ. ಆ ಸಂಜೆ ಗ್ಲಾಸು ತೊಳೆಯುತ್ತಾ ಕೆಲಸ ಬಿಟ್ಟುಬಿಡುವ ಮಾತನ್ನು ಬಾಯಲ್ಲಿ ಜೋಡಿಸಿಕೊಂಡೆ. ಶಾಲೆ ಬಿಡುವಾಗ ಅದು ಎಷ್ಟು ಸುಲಭವಾಗಿತ್ತು!

ಮರುದಿನ ಬಾರು ತೆರೆಯುವ ಮೊದಲು ಮ್ಜೇ ನನ್ನನ್ನು ಕೌಂಟರಿನ ಈಚೆ, ಗಿರಾಕಿಯ ಜಾಗದಲ್ಲಿ ಕೂರಿಸಿದ. ನಾನು ಹೆಂಡ ಮುಟ್ಟುವವನಲ್ಲವೆಂದು ಅವನಿಗೆ ಗೊತ್ತು. ವೋಡ್ಕಾ ಬಿಟ್ಟು ಮಿಕ್ಕಿದ್ದೆಲ್ಲ ಹಾಕಿ ಮುಂದಿಟ್ಟ.

"ನನ್ನಪ್ಪ ಬಿಳಿಯರ ಕ್ಲಬ್ಬಿನಲ್ಲಿ ಟ್ರೇ ಹೊರುತ್ತಿದ್ದ. ಜಿನ್ನಿಗೆ ಎಷ್ಟು ಹನಿ ಏನು ಬೆರೆಸಬೇಕು, ಎಲ್ಲ ಬಲ್ಲವನು. ಆದರೆ ಆ ಬಾಟಲಿಯಿಂದ ಕುಡಿಯೋ ಹಕ್ಕು ನಮ್ಮವರಿಗೆ ಇರಲಿಲ್ಲ. ಅಳತೆ ಅವರದು, ಹೊರೋದು ನಮ್ಮದು. ಈ ದವಾ ಬಂದದ್ದು ಆಮೇಲೆ. ಯಾರು ಮೊದಲು ಮಾಡಿದರು ಅಂತ ಹತ್ತು ಜನ ಹತ್ತು ಕಥೆ ಹೇಳ್ತಾರೆ, ಬಿಡು. ನಾನು ಹೇಳೋದು ಒಂದೇ. ಇದರಲ್ಲಿ ಕೊನೇ ಅಳತೆ ಕುಡಿಯೋನದು. ಅವನ ಕಡ್ಡಿ ಕಿತ್ಕೊಂಡರೆ ನೀನೂ ಆ ಕ್ಲಬ್ಬಿನವನೇ."

ನಾನು ಕಡ್ಡಿ ಹಿಡಿದು ಒಂದು ಸುತ್ತು ತಿರುಗಿಸಿ ಗುಟುಕರಿಸಿದೆ. ಹುಳಿ. ಇನ್ನೊಂದು ಸುತ್ತು. ಅಲ್ಲಿಗೆ ನಿಲ್ಲಿಸಿದೆ, ಮಾವನ ಪ್ರಕಾರ ಅದಕ್ಕೆ ಇನ್ನೂ ಐದು ಸುತ್ತು ಬೇಕಿತ್ತು. ಅಷ್ಟು ವರ್ಷ ಊರಿಗೆಲ್ಲ ಕುಡಿಸಿದವನಿಗೆ ತನಗೆ ಎಷ್ಟು ಸಿಹಿ ಬೇಕೆಂಬುದು ಆ ದಿನವೇ ತಿಳಿದದ್ದು. ಬಿಡುವ ಮಾತು ಬಾಯಿಂದ ಹೊರಡಲಿಲ್ಲ.

"ಸವಾ?" ಅಂದ ಮ್ಜೇ.

"ಸವಾ," ಅಂದೆ. ಸರಿ ಎಂದು ಒಪ್ಪಿಕೊಳ್ಳಲು ನನಗೆ ಈ ಊರಿನ ಮಾತೇ ಸುಲಭವಾಯಿತು.

ಶನಿವಾರ ಆ ವಕೀಲೆ ಮತ್ತೆ ಬಂದರು, ವಾರಕ್ಕೆ ಎರಡನೇ ಸಲ. ಮ್ಜೇ ಫೋನು ಮಾಡಿ ಕರೆಸಿದ್ದನೆಂದು ನನಗೆ ಈಗಲೂ ಅನುಮಾನ. ನಿಂಬೆ ಜಜ್ಜಿದೆ, ಐಸು ತುಂಬಿದೆ, ಜೇನಿನ ಕಡ್ಡಿ ನೆಟ್ಟೆ, ಮುಂದಿಟ್ಟೆ. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ.

"ಏನದು, ಪೊಲೀಸರು ಹಿಡಿದ ಹಾಗೆ ನಿಂತಿದ್ದೀಯಲ್ಲ?"

"ಮುಂದೆ ಬಿಟ್ರೆ ಕಲಕಿಬಿಡ್ತವೆ ಮಾಮಾ. ಮೊನ್ನೆಯದು ತಪ್ಪಾಯ್ತು."

ಅವರು ನಕ್ಕರು. ನಿಧಾನವಾಗಿ ಎರಡೇ ಸುತ್ತು ತಿರುಗಿಸಿ ಕುಡಿದರು. ಮ್ಜೇ ನನ್ನ ಕಡೆ ನೋಡಲೂ ಇಲ್ಲ. "ಸೋಮವಾರದಿಂದ ಸಿಂಕಿಗೆ ಬೇರೆಯವರನ್ನ ಹುಡುಕಿ" ಎಂದು ಮ್ಯಾನೇಜರಿಗೆ ಹೇಳಿದ.

ಮ್ಜೇ ನಿವೃತ್ತನಾಗಿ ತನ್ನ ಊರಿಗೆ ಹೋಗಿದ್ದಾನೆ. ಇಲ್ಲಿನ ಸ್ಪ್ರಿಂಗ್ ವ್ಯಾಲಿ ಬಡಾವಣೆಯ ನಮ್ಮವರ ಪಾರ್ಟಿಗಳಿಗೆ ಆಗಾಗ ನನ್ನನ್ನು ಕರೆಯುತ್ತಾರೆ. "ಎಲ್ಲಿ ಕಲ್ತ್ರಿ ಸಾರ್, ಕೋರ್ಸಾ?" ಎಂದು ಅಲ್ಲಿ ಯಾರಾದರೂ ಕೇಳುತ್ತಾರೆ. ಒಂಬತ್ತನೇ ಕ್ಲಾಸು ಎನ್ನುತ್ತೇನೆ. ತಮಾಷೆಯೆಂದುಕೊಂಡು ನಗುತ್ತಾರೆ.

ಈಗ ನನ್ನ ಬಳಿ ಇರುವುದಿಷ್ಟು: ಹನ್ನೆರಡು ಸ್ಟೂಲುಗಳ ಒಂದು ಕೌಂಟರು, ಎರಡು ಚಾಕು, ಕೈಕೆಳಗೆ ಕೆಲಸ ಮಾಡುವ ಮೂವರು, ಹೆಂಡತಿ, ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಒಬ್ಬಳು ಮಗಳು, ಆ ಗುರುವಾರದ ಒಂದು ಮರದ ಕಡ್ಡಿ. ಸರ್ಟಿಫಿಕೇಟು ಒಂದೂ ಇಲ್ಲ.