ತಟ್ಟೆ ಎತ್ತುವವರ ಮುಖ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೊಡ್ಡ ಹೋಟೆಲಿನ ಹಿಂಬದಿಯ ತೊಳೆಯುವ ಕೋಣೆಯಲ್ಲಿ ಚಮಚದಕ್ಕ ಆಗಲೇ ಬಿಸಿನೀರಿನ ತೊಟ್ಟಿಯ ಮುಂದೆ ನಿಂತಿದ್ದಾರೆ. ನಿನ್ನೆಯ ಔತಣದ ಚಾಕು, ಫೋರ್ಕುಗಳು ರಾಶಿ ಬಿದ್ದಿವೆ. ಒಂದು ಫೋರ್ಕನ್ನು ಎತ್ತಿ, ಹಲ್ಲುಗಳ ಸಂದಿಗೆ ಬಟ್ಟೆಯ ಅಂಚು ತೂರಿಸಿ ಎಳೆಯುತ್ತಾರೆ, ಬಲ್ಬಿನ ಬೆಳಕಿಗೆ ಹಿಡಿದು ನೋಡುತ್ತಾರೆ. ನೀರಿನ ಕಲೆ ಉಳಿದಿದ್ದರೆ ಅದು ಮತ್ತೆ ತೊಟ್ಟಿಗೆ. ದಿನಕ್ಕೆ ಎಷ್ಟು ತೊಳೆಯುತ್ತೀರಿ ಎಂದು ಕೇಳಿದರೆ ನಗುತ್ತಾರೆ. “ಎಣಿಸ್ತಾ ಕೂತ್ರೆ ಒರೆಸೋರು ಯಾರು?”

ಅವರ ನಿಜವಾದ ಹೆಸರು ಹಿಡಿದು ಇಲ್ಲಿ ಯಾರೂ ಕರೆಯುವುದಿಲ್ಲ. ಸೋಪಿನ ನೀರಿಗೆ ಬೆರಳ ತುದಿಗಳು ಬಿರಿದಿವೆ. ಮಗಳು ಅಂಬೆಗಾಲಿಡುತ್ತಿದ್ದಾಗಲೇ ಗಂಡ ಕಣ್ಮುಚ್ಚಿದ. ಅಂದಿನಿಂದ ತಾಯಿ ಮಗಳ ಹೊಟ್ಟೆ ಹೊರೆದದ್ದು ಈ ತೊಟ್ಟಿಯೇ. ಊಟದ ಹಾಲ್ ಇರುವುದು ಒಂದು ಬಾಗಿಲಿನಾಚೆ. ಆ ಬಾಗಿಲಿನ ಗಾಜಿನ ಕಿಂಡಿಯಿಂದಲೇ ಅವರು ದೊಡ್ಡವರ ಊಟದ ರೀತಿ ಕಲಿತರು. ಫೋರ್ಕು ಎಡಗೈಗೆ, ಚಾಕು ಬಲಗೈಗೆ. ಎರಡನ್ನೂ ಬಿಡಿಸಿಟ್ಟರೆ ಊಟ ಇನ್ನೂ ಮುಗಿದಿಲ್ಲ, ಪಕ್ಕಪಕ್ಕ ಜೋಡಿಸಿಟ್ಟರೆ ತಟ್ಟೆ ತೆಗೆಯಬಹುದು ಎಂದರ್ಥ.

ಮಗಳು ಓದು ಮುಗಿಸಿ ಒಂದು ಕಂಪನಿಯ ಕೆಲಸಕ್ಕೆ ಪ್ರಯತ್ನಿಸಿದಾಗ, ಕೊನೆಯ ಸಂದರ್ಶನ ಊಟದ ಮೇಜಿನಲ್ಲೇ ನಡೆಯುತ್ತದೆ ಎಂದು ಗೊತ್ತಾಯಿತು. ಹೋಟೆಲು ಎಸೆದ ಸೊಟ್ಟ ಹಲ್ಲಿನ ಫೋರ್ಕು, ಮೊಂಡು ಚಾಕು ಮನೆಗೆ ಬಂದವು. ಬೇಯಿಸಿದ ಆಲೂಗಡ್ಡೆಯ ಮೇಲೆ ಪಾಠ ಶುರುವಾಯಿತು.

“ಮೊದಲನೇ ದಿನ ಆಲೂಗಡ್ಡೆ ಹಾರಿ ನನ್ನ ಮಡಿಲಿಗೇ ಬಿತ್ತು. ಇಬ್ರೂ ಹೊಟ್ಟೆ ಹುಣ್ಣಾಗೋ ಹಾಗೆ ನಕ್ವಿ” ಎನ್ನುತ್ತಾರೆ ಚಮಚದಕ್ಕ. ಕೊನೆಗೆ ಕಿಂಡಿಯಲ್ಲಿ ಕಂಡ ಇನ್ನೊಂದನ್ನೂ ಅವರು ಮಗಳಿಗೆ ಹೇಳಿಕೊಟ್ಟರು. “ತಟ್ಟೆ ಎತ್ತೋರ ಮುಖ ನೋಡಬೇಡ ಕಣೇ ಅಂದೆ. ದೊಡ್ಡವರು ಯಾರೂ ನೋಡಲ್ಲ. ನೋಡಿದ್ರೆ ನೀನು ಹೊಸಬಳು ಅಂತ ಗೊತ್ತಾಗಿಬಿಡುತ್ತೆ ಅಂದೆ.”

ಕೆಲಸ ಸಿಕ್ಕಿತು. ಹೋದ ತಿಂಗಳು ಅದೇ ಕಂಪನಿಯ ಔತಣ ಇದೇ ಹಾಲಿನಲ್ಲಿತ್ತು. ಬಡಿಸುವವರು ಸಾಲದೆ, ಮೇಲ್ವಿಚಾರಕ ಚಮಚದಕ್ಕನಿಗೆ ಬಿಳಿ ಕೋಟು ತೊಡಿಸಿ ತಟ್ಟೆ ಎತ್ತಲು ಕಳಿಸಿದ. ಮಗಳು ಸಾಹೇಬರ ಪಕ್ಕದಲ್ಲೇ ಕೂತಿದ್ದಳು, ಮೊಣಕೈ ಮೇಜಿಗೆ ತಾಗಿರಲಿಲ್ಲ.

“ಎದೆ ತುಂಬಿ ಬಂತು. ಈಗ ತಿರುಗ್ತಾಳೆ, ಅಮ್ಮ ಅಂತಾಳೆ ಅಂದ್ಕೊಂಡೆ.”

ಮಗಳು ದೂರದಿಂದಲೇ ಅಮ್ಮನನ್ನು ಕಂಡಿದ್ದಳು. ತಟ್ಟೆಯಲ್ಲಿ ಅರ್ಧ ಊಟ ಹಾಗೇ ಇತ್ತು. ಅಮ್ಮ ಹತ್ತಿರ ಬರುತ್ತಿದ್ದಂತೆ ಚಾಕು, ಫೋರ್ಕನ್ನು ಪಕ್ಕಪಕ್ಕ ಜೋಡಿಸಿಟ್ಟು, ಸಾಹೇಬರ ಯಾವುದೋ ಮಾತಿಗೆ ನಕ್ಕಳು. ಅಮ್ಮ ತಟ್ಟೆ ಎತ್ತಿಕೊಂಡು ಒಳಗೆ ಬಂದರು.

ಮನೆಯಲ್ಲಿ ಕೇಳಿದಾಗ ಮಗಳದು ಒಂದೇ ಉತ್ತರ: “ನೀನೇ ಹೇಳಿಕೊಟ್ಟಿದ್ದಲ್ವೇನಮ್ಮಾ?”

ಅದು ಸುಳ್ಳಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದುಬಿಡುವುದು ಸುಲಭ. ಆದರೆ ಈ ಪಾಠವನ್ನು ಚಮಚದಕ್ಕ ತಾವೇ ಹುಟ್ಟಿಸಲಿಲ್ಲ. ಆ ಮೇಜುಗಳಲ್ಲಿ ಕೂತು, ಎದ್ದು ಹೋದವರೆಲ್ಲ ಸೇರಿ ಇಷ್ಟು ವರ್ಷ ಅವರಿಗೆ ಕಲಿಸಿದ್ದು ಅದನ್ನೇ.

ಆ ಕಂಪನಿ ಮುಂದಿನ ವಾರಕ್ಕೆ ಮತ್ತೆ ಹಾಲ್ ಕಾದಿರಿಸಿದೆ. ಬಿಳಿ ಕೋಟು ತೊಡುತ್ತೀರಾ ಎಂದರೆ ಚಮಚದಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ, ಒರೆಸುವ ಬಟ್ಟೆಯನ್ನು ಹಿಂಡಿ ಹೆಗಲಿಗೆ ಹಾಕಿಕೊಳ್ಳುತ್ತಾರೆ.

“ನನ್ನನ್ನ ಹೊರಗೆ ಕಳಿಸಬೇಡಿ ಅಂತ ಕೇಳ್ಕೊಂಡಿದೀನಿ. ಪಾಪ, ಅವತ್ತು ಅರ್ಧಕ್ಕೇ ಬಿಟ್ಟಳು. ಈ ಸಲ ಹೊಟ್ಟೆ ತುಂಬ ತಿನ್ನಲಿ. ಅವಳ ಚಾಕು, ಫೋರ್ಕು ಹೇಗಿದ್ರೂ ನನ್ನ ತೊಟ್ಟಿಗೇ ಬರುತ್ತಲ್ಲ.”