ಕೆಂಪವ್ವನ ಉಪವಾಸ

ಪುಂಡಿ ಸೊಪ್ಪು ಬಿಡಿಸುವಾಗ ಬೆರಳ ತುದಿಗೆ ಅಂಟುವ ಹುಳಿ ವಾಸನೆ ಸೋಪು ಹಚ್ಚಿ ತೊಳೆದರೂ ಬೇಗ ಹೋಗುವುದಿಲ್ಲ. ಕೊಂಡಾಪುರದ ಈ ಎತ್ತರದ ಮನೆಯಲ್ಲಿ ಕೂತು ಎಲೆ ಕೀಳುತ್ತ, ದಂಟನ್ನು ಬೇರೆ ಗುಡ್ಡೆ ಹಾಕುತ್ತ ಇರುವಾಗ ಆ ವಾಸನೆ ನನ್ನನ್ನು ಸನತ್‌ನಗರದ ನಮ್ಮ ಹಳೆಯ ಅಂಗಳಕ್ಕೆ ಒಯ್ದು ನಿಲ್ಲಿಸುತ್ತದೆ. ಇಲ್ಲಿನ ತೆಲುಗಿನವರಿಗೆ ಅದು ಗೋಂಗೂರ, ನಮ್ಮ ಮನೆಯಲ್ಲಿ ಎಂದೂ ಪುಂಡಿಯೇ. ಅಪ್ಪ ಒಂದು ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ. ಕಾರ್ಮಿಕರ ಸಾಲುಮನೆಗಳಲ್ಲಿ ನಮ್ಮದೂ ಒಂದು: ಎರಡು ಕೋಣೆ, ಹಿಂದೆ ಶಹಾಬಾದಿ ಕಲ್ಲು ಹಾಸಿದ ಪುಟ್ಟ ಅಂಗಳ, ಅಂಗಳಕ್ಕೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಗೋಡೆ. ನೀವು ಅಂಥ ಸಾಲಿನಲ್ಲಿ ಬೆಳೆದವರಾದರೆ ನಿಮಗೂ ನೆನಪಿರುತ್ತದೆ, ಆ ಗೋಡೆಯ ಮೇಲೆ ಸದಾ ಯಾರದೋ ಮನೆಯ ಬಟ್ಟಲೊಂದು ತಿರುಗಿ ಹೋಗಲು ಕಾಯುತ್ತಿರುತ್ತಿತ್ತು.

ಗೋಡೆಯ ಆಚೆ, ನಾವು ಮಕ್ಕಳು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದ ಮುಸಲ್ಮಾನರ ಹೆಂಗಸು ಇದ್ದಳು. ಹುಮನಾಬಾದಿನಿಂದ ಮದುವೆಯಾಗಿ ಬಂದವಳಾದ್ದರಿಂದ ನಮ್ಮ ಮಾತು ಅವಳ ಬಾಯಲ್ಲೂ ಇತ್ತು. ಅವಳು ಕೋಳಿ ಸಾಕಿದ್ದಳು. ನಮ್ಮದು ಮಾಂಸ, ಮೊಟ್ಟೆ ಹೊಸ್ತಿಲು ದಾಟದ ಲಿಂಗಾಯತರ ಮನೆ. ಆದರೂ ಆ ಕೋಳಿಗಳಲ್ಲೊಂದು ಕೆಂಪು ಮರಿ ಗೋಡೆ ಹಾರಿ ಬಂದು ನಮ್ಮ ಅಜ್ಜಿಗೆ ಗಂಟು ಬಿತ್ತು. ಅಜ್ಜಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಅಜ್ಜ ತೀರಿದ ಮೇಲೆ ಊರು ಬಿಟ್ಟು ನಮ್ಮಲ್ಲಿಗೆ ಬಂದಿದ್ದ ಆಯಿಗೆ ತೆಲುಗೂ ಬರುತ್ತಿರಲಿಲ್ಲ, ಹಿಂದಿಯೂ ಬರುತ್ತಿರಲಿಲ್ಲ. ನಾವು ಸಾಲೆಗೆ, ಅಪ್ಪ ಕಾರ್ಖಾನೆಗೆ, ಅವ್ವ ಹೊಲಿಗೆ ಕೆಲಸಕ್ಕೆ ಹೋದ ಮೇಲೆ ದಿನವಿಡೀ ಅವಳ ಮಾತು ಕೇಳಿಸಿಕೊಂಡದ್ದು ಆ ಮರಿಯೇ. ಊರಿನ ಸುದ್ದಿ, ಸೊಸೆಯ ಮೇಲಿನ ಚಾಡಿ, ಮಂಡಿ ನೋವು, ಎಲ್ಲಕ್ಕೂ ಅದು ಕತ್ತು ಓರೆ ಮಾಡಿ ಕೊಕ್ ಅನ್ನುತ್ತಿತ್ತು. ಇದನ್ನು ನೋಡಿ ನೋಡಿ ಖಾಲಾ ಒಂದು ದಿನ ಅದನ್ನು ಆಯಿಗೇ ಬಿಟ್ಟುಕೊಟ್ಟಳು. ಮುಂದೆ ತತ್ತಿ ಇಟ್ಟರೆ ಅವು ಮಾತ್ರ ಗೋಡೆ ದಾಟಿ ತನಗೆ ಬರಬೇಕೆಂದು ಮಾತಾಯಿತು. ಖಾಲಾಗೆ ಅದು ಲಾಲ್‌ಬೀ, ಆಯಿಗೆ ಕೆಂಪವ್ವ. ಎರಡು ಹೆಸರಿಗೂ ಓಡಿ ಬರುತ್ತಿತ್ತು, ಎರಡೂ ಕಡೆ ತಿನ್ನುತ್ತಿತ್ತು.

ಮರಿ ಬಲಿತು ಇನ್ನೇನು ತತ್ತಿ ಇಡಬೇಕು ಅನ್ನುವಾಗ ಅದರ ಎದೆ ಉಬ್ಬಿತು. ಕತ್ತಿನ ಬುಡದಲ್ಲಿ ನಿಂಬೆಕಾಯಿಯಷ್ಟಿದ್ದ ಗಂಟು ನೋಡನೋಡುತ್ತ ದೊಡ್ಡದಾಯಿತು. ಕೆಂಪವ್ವ ರೆಕ್ಕೆ ಇಳಿಬಿಟ್ಟು, ಕಣ್ಣು ಅರ್ಧ ಮುಚ್ಚಿ ಮೂಲೆ ಹಿಡಿದಳು. ಆಯಿ ತಡವಿ ನೋಡಿ ತೀರ್ಮಾನ ಹೇಳಿಯೇಬಿಟ್ಟಳು: ತತ್ತಿ ಬೆಳೆದೈತಿ, ಹೊರಗೆ ಬರುವ ದಾರಿ ಸಿಗವಲ್ದು. ಕೋಳಿಯನ್ನು ಎಂದೂ ಕೊಯ್ಯದ, ಅದರ ಹೊಟ್ಟೆಯೊಳಗೆ ಏನು ಎಲ್ಲಿದೆ ಎಂದು ಎಂದೂ ಕಾಣದ ಮನೆ ನಮ್ಮದು. ಯಾರಿಗೂ ಅನುಮಾನ ಬರಲಿಲ್ಲ. ಬಸುರಿಗೆ ಶಕ್ತಿ ಸಾಲದೆಂದು ಆಯಿ ನೆನೆಸಿದ ಜೋಳಕ್ಕೆ ಬೆಲ್ಲ, ತುಪ್ಪ ಕಲಸಿ ಉಂಡೆ ಮಾಡಿ ಕೊಕ್ಕಿಗೆ ಹಿಡಿದಳು. ಆಯಿಯ ಸ್ವಂತ ಮಗಳು ಹೆರಿಗೆಗೆ ತವರಿಗೆ ಬಂದಾಗಲೂ ಇಷ್ಟು ಸಡಗರ ಇರಲಿಲ್ಲವೆಂದು ಅವ್ವ ಗೊಣಗಿದಳು.

"ಕುಬಸಾನೂ ಮಾಡಿಬಿಡ ಯವ್ವಾ, ಹಸರು ಬಳಿ ನಾ ತರ್ತೀನಿ" ಎಂದು ಅಪ್ಪ ಸೀಮಂತದ ಮಾತೆತ್ತಿ ನಕ್ಕ.

"ನಗಬ್ಯಾಡ. ನಿನ್ನ ಹಡಿಯಾಗ ನಾನೂ ಹಿಂಗs ಕುಂತಿದ್ದೆ" ಅಂದಳು ಆಯಿ.

ಮರುದಿನ ಬೆಳಿಗ್ಗೆ ಖಾಲಾ ಬಟ್ಟಲು ಒಯ್ಯಲು ಬಂದವಳು ಕೆಂಪವ್ವನನ್ನು ಎತ್ತಿಕೊಂಡಳು. ಬಸಿರಿನ ಸುದ್ದಿ ಕೇಳಿ ಅವಳಿಗೆ ನಿಲ್ಲಲಾಗದಷ್ಟು ನಗು ಬಂದು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕಲ್ಲಿನ ಮೇಲೇ ಕೂತುಬಿಟ್ಟಳು. "ತತ್ತಿ ಎದಿಯಾಗ ಇರಂಗಿಲ್ರಿ ಆಯಿ, ಹಿಂದ ಇರ್ತಾವ. ಇದು ಆಕಿ ಕಾಳಿನ ಚೀಲ. ತಿಂದದ್ದೆಲ್ಲ ಮೊದಲು ಇಲ್ಲಿಗೆ ಇಳೀತೈತಿ." ನಂತರ ಬೆರಳಿಂದ ಮೆಲ್ಲಗೆ ಒತ್ತಿದಳು, ನಗು ನಿಂತಿತು. ಚೀಲ ಒಣಗಿದ ಹಿಟ್ಟಿನ ಮುದ್ದೆಯಂತೆ ಗಟ್ಟಿಯಾಗಿತ್ತು, ಕೊಕ್ಕು ಬಿಡಿಸಿದರೆ ಕೆಟ್ಟ ಹುಳಿ ನಾತ. ಅಂಗಳದ ಮೂಲೆಯಲ್ಲಿ ಆಯಿ ಸೊಪ್ಪು ಬಿಡಿಸಿ ಎಸೆದಿದ್ದ ಪುಂಡಿ ದಂಟುಗಳಿದ್ದವು, ಸಿಪ್ಪೆ ಎಳೆಎಳೆಯಾಗಿ ಕಿತ್ತು ಹೋಗಿತ್ತು. ಹಗ್ಗ ಹೊಸೆಯುವ ನಾರು ಅದು. ಕೆಂಪವ್ವ ಅದನ್ನು ನುಂಗಿದ್ದಳು, ಒಳಗೆ ಅದು ಗಂಟು ಹಾಕಿಕೊಂಡಿತ್ತು, ಅದರ ಮೇಲೆ ಆಯಿಯ ಬೆಲ್ಲದ ಉಂಡೆಗಳು ಕೂತಿದ್ದವು. ಚೀಲ ತುಂಬಿದ್ದರೂ ಹೊಟ್ಟೆಗೆ ಏನೂ ಇಳಿಯುತ್ತಿರಲಿಲ್ಲ.

ಇನ್ನು ಒಂದು ಕಾಳೂ ಕೊಡಬಾರದೆಂದು ಖಾಲಾ ಕಟ್ಟಪ್ಪಣೆ ಮಾಡಿದಳು. ಬೆಚ್ಚನೆ ನೀರು, ನಾಕು ಹನಿ ಕುಸುಬಿ ಎಣ್ಣೆ, ಆಮೇಲೆ ಚೀಲವನ್ನು ನೀವುವುದು, ಅಷ್ಟೇ. "ನಾಳೆ ಮುಂಜಾನಿ ತನಕ ನೋಡೋಣು. ಹಿಂಗs ಕಲ್ಲಿನಂಗ ಇದ್ರ ನಾ ಒಯ್ತೀನ್ರಿ ಆಯಿ. ಹಸದು ಸಾಯೋದು ಬ್ಯಾಡ ಪಾಪ." ಒಯ್ದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆಯಿ ಅಪ್ಪನ ಹಳೆಯ ಟವೆಲಿನಲ್ಲಿ ಕೆಂಪವ್ವನನ್ನು ಸುತ್ತಿ ತೊಡೆಯ ಮೇಲಿಟ್ಟುಕೊಂಡಳು. ನೀರು ಉಸಿರಿನ ದಾರಿಗೆ ಹೋಗದಂತೆ ಖಾಲಾ ಚಮಚೆಯಿಂದ ಕೊಕ್ಕಿನ ಪಕ್ಕಕ್ಕೆ ಹನಿಹನಿಯಾಗಿ ಬಿಟ್ಟಳು, ಆಯಿ ಹೆಬ್ಬೆರಳಿಂದ ಗಂಟನ್ನು ಸಾವಕಾಶ ಸಡಿಲ ಮಾಡಿದಳು. ಹಿಟ್ಟು ನಾದಿ ನಾದಿ ಹದವಾದ ಕೈ ಅದು. ಆ ದಿನವೆಲ್ಲ ಆಗಾಗ ಇಬ್ಬರೂ ಹೀಗೆ ಕೂತರು. ನಡುನಡುವೆ ಒಬ್ಬಳು ಇನ್ನೊಬ್ಬಳ ಕೈ ಒರಟೆಂದು ಬೈಯುತ್ತಿದ್ದಳು.

ನೀವುವುದು ಆಯಿಗೆ ಕಷ್ಟವಾಗಲಿಲ್ಲ, ಉಪವಾಸ ಕೆಡವುವುದು ಕಷ್ಟವಾಯಿತು. ಬಾಗಿಲಿಗೆ ಬಂದವರನ್ನು ಹಸಿದು ಕಳಿಸಿದವಳಲ್ಲ ಅವಳು. ಕೆಂಪವ್ವನಿಗೋ ರೊಟ್ಟಿ ಬಡಿಯುವ ಸದ್ದೇ ಊಟದ ಕರೆ. ಎಲ್ಲಿದ್ದರೂ ಆ ಸದ್ದಿಗೆ ಓಡಿ ಬಂದು ಉದುರಿದ ಹಿಟ್ಟಿಗೆ ಕೊಕ್ಕು ಹಾಕುತ್ತಿದ್ದಳು. ಅದಕ್ಕೇ ಆಯಿ ಅಂದು ಮನೆಯಲ್ಲಿ ರೊಟ್ಟಿ ಬಡಿಯಕೂಡದೆಂದಳು. ಅವ್ವ ಅನ್ನ ಮಾಡಿದಳು. ನಾವು ತಟ್ಟೆ ಹಿಡಿದು ಮುಂದಿನ ಬಾಗಿಲ ಹೊರಗೆ ಕದ್ದು ಉಂಡೆವು, ಅಪ್ಪನಂತೂ ಕಾರ್ಖಾನೆಯ ಬಟ್ಟೆಯಲ್ಲೇ ಬಾಗಿಲ ಮರೆಯಲ್ಲಿ ನಿಂತು ಉಂಡ. ಆಯಿ ಉಣ್ಣಲೇ ಇಲ್ಲ. "ಆಕಿ ನನ್ನ ಮಾರಿ ನೋಡಾಕತ್ಯಾಳ, ತುತ್ತು ಹೆಂಗ ಇಳೀತೈತಿ ನನಗ?" ಅಂದಳು. ನಮ್ಮ ಒಲೆಯ ಹತ್ತಿರ ಸದ್ದಿಲ್ಲದ್ದು ಕಂಡು ಸಾಲಿನ ಆ ತುದಿಯ ತೆಲುಗಿನವರು ಯಾರಿಗೆ ಹುಷಾರಿಲ್ಲವೆಂದು ಕೇಳಿಕೊಂಡು ಬಂದರು. ಕೋಳಿಗೆಂದು ಹೇಳಲು ಅವ್ವನಿಗೆ ನಾಚಿಕೆ, ಅತ್ತೆಗೆ ಅಂದುಬಿಟ್ಟಳು.

ಮರುದಿನ ನಮಗೆ ಎಚ್ಚರವಾದದ್ದು ರೊಟ್ಟಿ ಬಡಿಯುವ ಸದ್ದಿಗೆ. ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಆಯಿ ಯಾರನ್ನೂ ಎಬ್ಬಿಸಿರಲಿಲ್ಲ, ಎದ್ದವಳೇ ಕೆಂಪವ್ವನ ಎದೆ ಮುಟ್ಟಿ ನೋಡಿ ನೇರ ಹಿಟ್ಟಿನ ಡಬ್ಬಿಗೆ ಕೈ ಹಾಕಿದ್ದಳು. ನಾವು ಹಾಸಿಗೆಯಲ್ಲೇ ಮಲಗಿ ಆ ಸದ್ದು ಕೇಳಿದೆವು, ಸುದ್ದಿ ತಿಳಿಯಿತು. ಗೋಡೆಯಾಚೆಗೂ ತಿಳಿದಿರಬೇಕು. ಖಾಲಾ ಕೂದಲು ಕೂಡ ಕಟ್ಟಿಕೊಳ್ಳದೆ ಬಾಗಿಲಿಗೆ ಬಂದು ನಿಂತು, "ಇಳೀತೇನ್ರಿ?" ಅಂದಳು.

"ಇಳೀತು. ಕುಂಡ್ರು ಬೀಬಿ, ಬಿಸಿ ಐತಿ, ತಿನ್ನು" ಅಂದಳು ಆಯಿ.

ಖಾಲಾ ಮೊದಲು ಚೀಲ ಮುಟ್ಟಿದಳು. ಖಾಲಿಯಾಗಿ, ಮೆತ್ತಗೆ, ಗಾಳಿ ಹೋದ ಬಲೂನಿನಂತಿತ್ತು. ಲಾಲ್‌ಬೀಗೆ ಇನ್ನೂ ರೊಟ್ಟಿ ಕೊಡಕೂಡದೆಂದು ಗದರಿಸಿ, ಮೊಸರಿನಲ್ಲಿ ಅನ್ನ ಕಿವುಚಿ ತಿನ್ನಿಸಿದಳು, ಆಮೇಲೆ ತಾನು ಉಂಡಳು. ಹೋಗುವಾಗ ಆಯಿಗೆ ಒಂದು ಪಾಠ ಹೇಳಿದಳು: ಈ ಚೀಲ ಸಂಜೆಗೆ ತುಂಬಿರಬೇಕು, ಬೆಳಿಗ್ಗೆ ಬರಿದಾಗಿರಬೇಕು, ದಿನಾ ಮುಟ್ಟಿ ನೋಡ್ರಿ.

ಆಯಿ ಆ ಮಾತನ್ನು ಸಾಯುವ ತನಕ ಬಿಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಕೆಂಪವ್ವನ ಎದೆ ಮುಟ್ಟುವಳು, ಅದೇ ಕೈಯಿಂದ ಆಟ ಮುಗಿಸಿ ಬಂದ ನಮ್ಮ ಹೊಟ್ಟೆಗಳನ್ನೂ. ಕಚಗುಳಿಯಾಗಿ ನಾವು ಓಡುತ್ತಿದ್ದೆವು. ಕೆಂಪವ್ವ ತತ್ತಿ ಇಟ್ಟಳು, ಮುದಿಯಾದಳು, ಒಂದು ಬೇಸಿಗೆಯಲ್ಲಿ ನೆರಳಿನಲ್ಲಿ ಮಲಗಿದವಳು ಏಳಲಿಲ್ಲ. ಆಯಿಯ ಕೈಯ ರೂಢಿ ಮಾತ್ರ ಹೋಗಲಿಲ್ಲ. ಖಾಲಾಳ ಗಂಡ ತೀರಿಕೊಂಡ ಮೇಲೆ ಖಾಲಾ ಗೋಡೆಯ ಹತ್ತಿರ ಬರುವುದನ್ನೇ ಬಿಟ್ಟಳು. ಕೇಳಿದರೆ ಉಂಡೆನೆನ್ನುತ್ತಿದ್ದಳು. ಒಂದು ಸಂಜೆ ಆಯಿ ಕೋಲು ಊರಿಕೊಂಡು ತಾನೇ ಅವಳ ಬಾಗಿಲಿಗೆ ಹೋದಳು. ಏನೂ ಕೇಳಲಿಲ್ಲ, ನಿಂತಲ್ಲೇ ಖಾಲಾಳ ಹೊಟ್ಟೆಯ ಮೇಲೆ ಕೈ ಇಟ್ಟಳು.

"ಸುಳ್ಳು ಹೇಳ್ತಿ ಬೀಬಿ" ಅಂದಳು, ಅವಳ ಮಣಿಕಟ್ಟು ಹಿಡಿದು ನಮ್ಮ ಮನೆಗೆ ಕರೆತಂದಳು.

ಆ ಸಾಲು ಈಗ ಇಲ್ಲ. ಉದ್ದನೆಯ ಗೋದಾಮೊಂದು ಎದ್ದಿದೆ, ನಮ್ಮ ಬಾಗಿಲು ಎಲ್ಲಿತ್ತು, ಖಾಲಾಳದು ಎಲ್ಲಿತ್ತು ಎಂದು ಹೊರಗಿನಿಂದ ಹೇಳಲಾಗುವುದಿಲ್ಲ. ನನ್ನ ಮಕ್ಕಳು ಸಂಜೆ ಕೆಲಸದಿಂದ ಬಂದು, ಕೇಳುವ ಮೊದಲೇ ಊಟ ಆಯಿತು ಎಂದು ಕೋಣೆಗೆ ಹೋಗುತ್ತಾರೆ. ನಾನು ನಂಬುತ್ತೇನೆ. ಆಯಿ ನಂಬುತ್ತಿರಲಿಲ್ಲ.